ಯಾಕಕ್ಕ ಸಂಜೆ ಕಿತ್ತ ಎಲೆಗಳು

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಪ್ರಯೋಗಾಲಯದ ಮೂರು ಮಹಡಿಗೂ ಆಕೆ ಯಾಕಕ್ಕ. ಗೇಟಿನ ಕಾವಲುಗಾರನಿಂದ ಹಿಡಿದು ವಿಭಾಗದ ಮುಖ್ಯಸ್ಥೆಯವರೆಗೆ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಆ ಹೆಸರು ಬಂದದ್ದು ಹೇಗೆಂದು ತಿಳಿಯಲು ಆಕೆಯ ಜೊತೆ ಐದು ನಿಮಿಷ ನಿಂತರೆ ಸಾಕು.

ಏಳನೇ ತರಗತಿಯಲ್ಲಿದ್ದಾಗ ಮೇಷ್ಟ್ರು ಬೆಳ್ಳಿ ಕಪ್ಪಾಗುತ್ತದೆ ಎಂದು ಪಾಠ ಹೇಳಿದರು. ಈಕೆ ಎದ್ದು ನಿಂತು "ಯಾಕೆ ಸಾರ್?" ಎಂದಳು. "ಗಾಳಿಗೆ" ಎಂದರು ಮೇಷ್ಟ್ರು. "ಗಾಳಿಗೆ ಯಾಕೆ ಸಾರ್?" "ಕೂತ್ಕೋ" ಎಂದರು. ಅವಳು ಕೂತಳು. ಪ್ರಶ್ನೆ ಮಾತ್ರ ಹಾಗೇ ನಿಂತಿತ್ತು. ಆ ವರ್ಷವೇ ಶಾಲೆ ಬಿಟ್ಟು ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಸೇರಿದಳು. ಅಲ್ಲಿ ನೀಲಿ ತೊಟ್ಟಿಯಿಂದ ಹಸಿರಾಗಿ ಮೇಲೆ ಬಂದ ನೂಲು ಗಾಳಿ ತಾಗಿದ ಕೂಡಲೇ ಕಣ್ಣೆದುರೇ ನೀಲಿಯಾಗುತ್ತಿತ್ತು. ಯಾಕೆ ಎಂದು ಕೇಳಿದರೆ ಯಜಮಾನರು, "ಬಣ್ಣ ಹತ್ತಿತಲ್ಲ, ಸಾಕು ಬಿಡು" ಎನ್ನುತ್ತಿದ್ದರು. ಹದಿನಾರು ವರ್ಷ ಅಲ್ಲಿ ದುಡಿದ ಆಕೆಗೆ ಉತ್ತರವೇನೂ ಸಿಗಲಿಲ್ಲ, ಆದರೆ ಕಣ್ಣು ಪಳಗಿತು. ಎರಡು ಕಂದು ನೂಲಿನ ಲಡಿಗಳನ್ನು ಮುಂದಿಟ್ಟರೆ ಯಾವುದು ಇಂದಿನ ತೊಟ್ಟಿಯದು, ಯಾವುದು ನಿನ್ನೆಯದು ಎಂದು ಈಗಲೂ ಹೇಳಬಲ್ಲಳು.

ಕಾರ್ಖಾನೆ ಮುಚ್ಚಿದ ಮೇಲೆ ಈ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ ಸಿಕ್ಕಿತು. ಮೂರು ಸಲ ನಲ್ಲಿ ನೀರು, ಮೂರು ಸಲ ಡಿಸ್ಟಿಲ್ಡ್ ವಾಟರ್, ಆಮೇಲೆ ಬಿಸಿ ಪೆಟ್ಟಿಗೆಯಲ್ಲಿ ಒಣಗಿಸುವುದು. ಕೆಲಸ ಕಾಯಂ ಅಲ್ಲ. ವರ್ಷಕ್ಕೊಮ್ಮೆ ವಿಭಾಗದ ಮುಖ್ಯಸ್ಥೆಯಾದ ಮೇಡಂ ಒಂದು ಕಾಗದಕ್ಕೆ ಸಹಿ ಹಾಕಿದರೆ ಇನ್ನೊಂದು ವರ್ಷ ಉಂಟು, ಹಾಕದಿದ್ದರೆ ಇಲ್ಲ. ಹನ್ನೊಂದು ವರ್ಷ ಅವರು ಹಾಕುತ್ತಲೇ ಬಂದಿದ್ದರು. ಮೇಡಂ ಮಾತು ಕಮ್ಮಿ, ಅಚ್ಚುಕಟ್ಟು ಜಾಸ್ತಿ. ಅವರ ಮೇಜಿನ ಮೇಲೆ ಪೆನ್ನು ಕೂಡ ಅಡ್ಡಾದಿಡ್ಡಿ ಬೀಳಲು ಹೆದರುತ್ತಿತ್ತು.

ಮೇಡಂ ಕೈಕೆಳಗೆ ಸಂಶೋಧನೆಗೆ ಬಂದ ಹುಡುಗಿಯನ್ನು ಯಾಕಕ್ಕ ಮೊದಲ ವಾರದಲ್ಲೇ ಪುಟ್ಟಿ ಎಂದು ಕರೆಯತೊಡಗಿದಳು. ಪುಟ್ಟಿ ಬೈಯಲಿಲ್ಲ. ಅದಕ್ಕಿಂತ ದೊಡ್ಡ ವಿಷಯವೆಂದರೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು.

"ಈ ಬಾಟಲಿ ನೀರಲ್ಲಿ ಬೆಳ್ಳಿ ಕರಗಿದೆ ಅಕ್ಕ. ಕಣ್ಣಿಗೆ ಕಾಣಲ್ಲ. ಇದಕ್ಕೆ ಎಲೆ ಕಷಾಯ ಹಾಕಿದ್ರೆ ಆ ಬೆಳ್ಳಿ ಒಟ್ಟು ಸೇರಿ ಪುಟಾಣಿ ಕಣ ಆಗುತ್ತೆ. ನಿಮ್ಮ ಒಂದು ಕೂದಲಿನ ದಪ್ಪದಲ್ಲಿ ಅಂಥವು ಎರಡು ಸಾವಿರ ಸಾಲಾಗಿ ನಿಲ್ಲಬಹುದು."

"ಬೆಳ್ಳಿ ಆದ್ರೆ ಬೆಳ್ಳಗಿರಬೇಕಲ್ಲ. ನೀನು ಕಂದು ಬಣ್ಣ ಬರಬೇಕು ಅಂತ ಕಾಯ್ತಾ ಇರ್ತೀಯ. ಯಾಕೆ?"

"ಅಷ್ಟು ಚಿಕ್ಕದಾದ್ರೆ ಬೆಳಕು ಅದರ ಹತ್ರ ಬೇರೆ ಥರ ನಡ್ಕೊಳ್ಳುತ್ತೆ. ಕಂದು ಬಂತು ಅಂದ್ರೆ ಕಣ ಹುಟ್ಟಿತು ಅಂತ ಅರ್ಥ."

"ನೀನು ಮೂಳೆ ಮೇಲೆ ಸಂಶೋಧನೆ ಮಾಡ್ತೀಯ ಅಂತಾರಲ್ಲ. ಅದಕ್ಕೂ ಮೂಳೆಗೂ ಏನು ಸಂಬಂಧ?"

ಪುಟ್ಟಿ ಬೆರಳಿನ ಉಗುರಿನಷ್ಟು ದೊಡ್ಡದಾದ, ಸ್ಪಂಜಿನಂಥ ಬಿಳಿ ತುಂಡೊಂದನ್ನು ಆಕೆಯ ಅಂಗೈಗೆ ಹಾಕಿದಳು. ಮೂಳೆ ಮುರಿದು ನಡುವೆ ತೆರಪು ಬಿದ್ದರೆ ಕೆಲವೊಮ್ಮೆ ಅದು ತಾನಾಗಿ ತುಂಬಿಕೊಳ್ಳುವುದಿಲ್ಲ. ಆ ತೆರಪಿನಲ್ಲಿ ಇಂಥದ್ದನ್ನು ಇಡಬೇಕು. ಇದರೊಳಗಿನ ಬೆಳ್ಳಿಯ ಕಣ ಕೀವು ಮಾಡುವ ಕ್ರಿಮಿಗಳನ್ನು ದೂರವಿಡಬೇಕು, ಮೂಳೆಯ ಜೀವಕೋಶಗಳು ಇದರ ಮೇಲೆ ಕೂತು ಬೆಳೆಯಬೇಕು ಎಂದು ಬಿಡಿಸಿ ಹೇಳಿದಳು. "ಕಣ ಜಾಸ್ತಿ ಆದ್ರೆ ಜೀವಕೋಶಾನೂ ಸಾಯುತ್ತೆ. ದಪ್ಪ ಆದ್ರೂ ಕೆಲಸಕ್ಕೆ ಬರಲ್ಲ. ಎಲ್ಲ ಹದ ಅಕ್ಕ."

ಹದ ಎನ್ನುವ ಮಾತು ಯಾಕಕ್ಕನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಬಣ್ಣದ ತೊಟ್ಟಿಯ ಮುಂದೆ ಹದಿನಾರು ವರ್ಷ ನೋಡಿದ್ದು ಅದನ್ನೇ.

ಎಲೆ ತರುವ ಕೆಲಸವೂ ಯಾಕಕ್ಕನದೇ ಆಯಿತು. ಕಟ್ಟಡದ ಹಿಂದೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಒಂದು ಹಳೆಯ ನಿಂಬೆ ಗಿಡವಿತ್ತು. ವಾರಕ್ಕೆ ಮೂರು ದಿನ ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮುಂಚೆ, ತುದಿಯಿಂದ ಮೂರನೆಯದೋ ನಾಲ್ಕನೆಯದೋ ಎಲೆ ಕೀಳಬೇಕು. ತೂಕ ಮಾಡಿ, ರಿಜಿಸ್ಟರಿನಲ್ಲಿ ಹೊತ್ತು ಬರೆದು ಸಹಿ ಹಾಕಬೇಕು. ಇದು ಮೇಡಂ ಮಾಡಿದ ನಿಯಮ. ಎರಡು ತಿಂಗಳು ಯಾಕಕ್ಕ ಮುಳ್ಳಿನಿಂದ ಕೈ ಗೀರಿಸಿಕೊಂಡು ಚಾಚೂ ತಪ್ಪದೆ ತಂದಳು. ಪುಟ್ಟಿ ಕಷಾಯ ಕಾಯಿಸಿದಳು, ಸೋಸಿದಳು, ಬೆರೆಸಿದಳು. ಬಂದದ್ದು ಮಾತ್ರ ಸಪ್ಪೆ ಹಳದಿ. ತಳದಲ್ಲಿ ಒಂದಿಷ್ಟು ಬೂದು ಮರಳು.

ಅಷ್ಟರಲ್ಲಿ ಯಾಕಕ್ಕನ ಗಂಡ ಏಣಿಯಿಂದ ಬಿದ್ದ.

ಅವನು ಗೋಡೆಗೆ ಬಣ್ಣ ಬಳಿಯುವವನು. ಎರಡನೇ ಮಹಡಿಯ ಕಿಟಕಿಯ ಚೌಕಟ್ಟು ಬಳಿಯುತ್ತಿದ್ದಾಗ ಏಣಿ ಜಾರಿತು. ಮೊಣಕಾಲ ಕೆಳಗಿನ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕಬ್ಬಿಣದ ಸರಳು ಹಾಕಿ, ಆರು ತಿಂಗಳು ಕಾಲು ಊರಬೇಡ ಎಂದು ಮನೆಗೆ ಕಳಿಸಿದರು. ಬೆಳಿಗ್ಗೆ ಅವನನ್ನು ಎಬ್ಬಿಸಿ ಕೂರಿಸಿ, ಮುಖ ತೊಳೆಸಿ, ಮಿಕ್ಕದ್ದೆಲ್ಲ ಮಾಡಿಸಿ, ಊಟ ಕೈಗೆಟಕುವ ಕಡೆ ಇಟ್ಟು ಹೊರಡುವಷ್ಟರಲ್ಲಿ ಎಂಟೂವರೆ ಆಗುತ್ತಿತ್ತು. ಏಳಕ್ಕೆ ನಿಂಬೆ ಗಿಡದ ಹತ್ತಿರ ನಿಲ್ಲುವುದು ಕನಸಿನ ಮಾತು.

ಹೇಳಿದರೆ ಬೇರೆಯವರನ್ನು ಇಟ್ಟುಕೊಂಡಾರು ಎಂಬ ಭಯ ಆಕೆಗೆ. ಮನೆಯಲ್ಲಿ ದುಡಿಯುವ ಕೈ ಈಗ ಇದೊಂದೇ. ಒಂದು ದಿನದ ಮಟ್ಟಿಗೆ ಎಂದು ಹಿಂದಿನ ಸಂಜೆ ನಾಲ್ಕೂವರೆಗೆ ಎಲೆ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ದೊಡ್ಡ ಬಾಟಲಿಗಳ ಹಿಂದೆ ಇಟ್ಟಳು. ಬೆಳಿಗ್ಗೆ ಒಂಬತ್ತಕ್ಕೆ ಬಂದು ತೊಳೆದು, ತೂಗಿ, ರಿಜಿಸ್ಟರಿನಲ್ಲಿ 'ಏಳು ಗಂಟೆ' ಎಂದು ಬರೆದಳು. ಬರೆಯುವ ಮುಂಚೆ ಎರಡು ಸಲ ಬಾಗಿಲ ಕಡೆ ನೋಡಿದ್ದಳು. ಮುಂದಿನ ಸಲ ಒಮ್ಮೆ ಮಾತ್ರ ನೋಡಿದಳು. ಹತ್ತನೇ ಸಲಕ್ಕೆ ಕೈಗೆ ನಾಚಿಕೆಯೇ ಇರಲಿಲ್ಲ.

ಸಂಜೆಯ ಎಲೆ ತಂದ ಮೊದಲ ವಾರವೇ ಬಣ್ಣ ಬಂತು. ಹಳದಿ ನೀರು ಕಿತ್ತಳೆಗೆ ತಿರುಗಿ, ಅರ್ಧ ಗಂಟೆಯಲ್ಲಿ ಹದವಾದ ಕಂದಾಗಿ ನಿಂತಿತು. ಪುಟ್ಟಿ ಕುಣಿದೇಬಿಟ್ಟಳು. "ಕೈ ಪಳಗಿತು ಪುಟ್ಟಿ ನಿಂಗೆ" ಎಂದು ಯಾಕಕ್ಕನೂ ಹಿಗ್ಗಿದಳು. ಎಲ್ಲದಕ್ಕೂ ಯಾಕೆ ಎನ್ನುವ ಹೆಂಗಸು ಆ ಒಂದು ದಿನ ಅದನ್ನು ಕೇಳಲಿಲ್ಲ. ಸಂತೋಷವಾದಾಗ ಯಾರು ತಾನೇ ಕೇಳುತ್ತಾರೆ?

ಮುಂದಿನ ಹತ್ತು ತಿಂಗಳು ಕೆಲಸ ಹೂವೆತ್ತಿದ ಹಾಗೆ ಸಾಗಿತು. ಕಣಗಳನ್ನು ಸ್ಪಂಜಿಗೆ ಸೇರಿಸಿ, ಅದರ ಮೇಲೆ ಮೂಳೆಯ ಜೀವಕೋಶ ಬೆಳೆಸಿದರು. ಮೂರು ವಾರದ ಮೇಲೆ ಕೆಂಪು ಬಣ್ಣವೊಂದನ್ನು ಹಾಕಿ ತೊಳೆದರೆ, ಮೂಳೆಯ ಸುಣ್ಣ ಕಟ್ಟಿಕೊಂಡ ಕಡೆಯೆಲ್ಲ ಕೆಂಪು ಉಳಿಯುತ್ತಿತ್ತು. ಯಾಕಕ್ಕ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಎಷ್ಟೋ ಹೊತ್ತು ನಿಂತುಬಿಡುತ್ತಿದ್ದಳು.

ಒಂದು ದಿನ ತಡೆಯಲಾರದೆ ಕೇಳಿದಳು. "ಇದನ್ನ ನಮ್ಮ ಮನೆಯವರ ಕಾಲಿಗೆ ಇಟ್ರೆ?"

ಪುಟ್ಟಿ ಕೈಕೆಲಸ ಬಿಟ್ಟು ಆಕೆಯ ಕಡೆ ತಿರುಗಿದಳು. "ಇಲ್ಲ ಅಕ್ಕ. ಇದು ತಟ್ಟೆಯಲ್ಲಿ ಬೆಳೀತು ಅಷ್ಟೆ. ಮನುಷ್ಯರ ಒಳಗೆ ಇಡೋಕೆ ಇನ್ನೂ ಎಷ್ಟು ವರ್ಷಾನೋ. ಇಡೋ ಹಾಗೆ ಆಗದೇನೂ ಇರಬಹುದು. ನಿಮಗೆ ಸುಳ್ಳು ಹೇಳಲ್ಲ."

ಸುಳ್ಳು ಹೇಳಲ್ಲ ಎಂಬ ಮಾತು ಯಾಕಕ್ಕನಿಗೆ ಎಲ್ಲೋ ಚುಚ್ಚಿತು. ಮನೆಗೆ ಬಂದು ತಟ್ಟೆಯ ಮೂಳೆಯ ವಿಷಯವನ್ನೆಲ್ಲ ಗಂಡನಿಗೆ ಹೇಳಿದಳು. ಮಲಗಿದಲ್ಲಿಂದಲೇ ಎಲ್ಲರನ್ನೂ ನಗಿಸುವವರ ಪೈಕಿ ಅವನು. "ಹಾಗಾದ್ರೆ ಪಂದ್ಯ ಕಟ್ಟೋಣ ಕಣೇ. ನಿನ್ನ ತಟ್ಟೆ ಮೂಳೆ ಮೊದಲಾ, ನನ್ನ ಕಾಲು ಮೊದಲಾ ನೋಡೇಬಿಡೋಣ" ಎಂದ. ಅಂದಿನಿಂದ ಆಕೆ ಚಪ್ಪಲಿ ಕಳಚುವ ಮೊದಲೇ "ಇವತ್ತು ನಮ್ಮ ಎದುರಾಳಿ ಎಲ್ಲಿಗೆ ಬಂದ?" ಎಂದು ಅವನು ಕೇಳುವುದು ರೂಢಿಯಾಯಿತು. ಆಕೆಯ ಕೈಯನ್ನು ಮೂಗಿನ ಹತ್ತಿರ ತಂದು, "ಇವತ್ತು ನೀನು ಗಿಡಕ್ಕೆ ಹೋಗಿದ್ದೆ" ಎಂದು ನಿಂಬೆಯ ವಾಸನೆಯಿಂದಲೇ ಹೇಳುತ್ತಿದ್ದ.

ಆರು ತಿಂಗಳೆಂದದ್ದು ಹತ್ತು ತಿಂಗಳಾಯಿತು. ಕೊನೆಗೂ ಅವನು ಕೋಲು ಹಿಡಿದು ತಾನೇ ಎದ್ದು ಮುಖ ತೊಳೆದುಕೊಂಡ ದಿನ ಯಾಕಕ್ಕನ ಎದೆಯ ಮೇಲಿನ ಕಲ್ಲು ಇಳಿಯಿತು. ಇನ್ನು ಸುಳ್ಳು ಬರೆಯಬೇಕಾಗಿಲ್ಲ. ಮರುದಿನದಿಂದಲೇ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಗಿಡದ ಹತ್ತಿರ ನಿಂತು, ಎಲೆ ಕಿತ್ತು, 'ಏಳು ಗಂಟೆ' ಎಂದು ಬರೆದು, ಅಕ್ಷರಗಳನ್ನೇ ಒಂದು ಗಳಿಗೆ ನೋಡಿದಳು.

ಅಂದು ಕಂದು ಬರಲಿಲ್ಲ.

ಮತ್ತೊಂದು ಸಲವೂ ಬರಲಿಲ್ಲ. ಪುಟ್ಟಿ ಹೊಸ ಬಾಟಲಿ ತೆರೆದಳು, ನೀರು ಬದಲಿಸಿದಳು, ಥರ್ಮಾಮೀಟರ್ ಬದಲಿಸಿದಳು. ಗಾಜು ಸರಿಯಾಗಿ ತೊಳೆದಿಲ್ಲವೇನೋ ಎಂದು ಯಾಕಕ್ಕ ಎಲ್ಲವನ್ನೂ ಆರಾರು ಸಲ ತೊಳೆದಳು. ಸಪ್ಪೆ ಹಳದಿ, ತಳದಲ್ಲಿ ಬೂದು ಮರಳು. ಇನ್ನು ಐದು ವಾರಕ್ಕೆ ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ತಮ್ಮ ಕಣ್ಣೆದುರೇ ಮೂರು ಸಲ ಮಾಡಿ ತೋರಿಸಬೇಕು ಎಂದು ಮೊದಲೇ ಬರೆದಿದ್ದರು. ತೋರಿಸಲಾಗದಿದ್ದರೆ ಪುಟ್ಟಿಯ ನಾಲ್ಕು ವರ್ಷ ನೀರಲ್ಲಿ ಹೋಮ. ಮೂರನೇ ವಾರ ಅವಳು ತೊಳೆಯುವ ಕೋಣೆಗೆ ಬಂದು, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. "ಎಲ್ಲ ಮೊದಲಿನ ಹಾಗೇ ಇದೆ ಅಕ್ಕ. ಒಂದೂ ಬದಲಾಗಿಲ್ಲ. ಯಾಕೆ ಬರ್ತಿಲ್ಲ?"

ಆ 'ಯಾಕೆ' ಯಾಕಕ್ಕನ ಜೊತೆ ಮನೆಯ ತನಕ ಬಂತು.

ಮನೆಗೆ ಹೋದಾಗ ಗಂಡ ಎಂದಿನಂತೆ ಕೈ ಹಿಡಿದು ಮೂಸಿ ನೋಡಿದ. "ಗಿಡಕ್ಕೆ ಹೋಗೋದು ಬಿಟ್ಟೆಯಾ?"

"ಇಲ್ಲ ರೀ, ಬೆಳಿಗ್ಗೆ ಹೋಗಿದ್ದೆ."

"ಬೆಳಿಗ್ಗೆ ಎಲೆಗೆ ಈ ವಾಸನೆ ಇರಲ್ವಾ?"

ಅವನು ಕೇಳಿದ್ದು ತಮಾಷೆಗೆ. ಬೆಳಿಗ್ಗೆ ಹತ್ತಿದ ವಾಸನೆ ಸಂಜೆಯ ತನಕ ಎಲ್ಲಿ ಉಳಿಯಬೇಕು? ಆದರೆ ಯಾಕಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. ಬೆಳಗಿನ ಎಲೆ, ಸಂಜೆಯ ಎಲೆ. ಬದಲಾದದ್ದು ಅದೊಂದೇ, ಬದಲಾಯಿಸಿದವಳು ತಾನೊಬ್ಬಳೇ. ಇದನ್ನು ಹೇಳಬೇಕೆಂದರೆ ಹತ್ತು ತಿಂಗಳ ಸುಳ್ಳನ್ನೂ ಹೇಳಬೇಕು. ಮೇಡಂ ಸಹಿ ಹಾಕುವ ಕಾಗದ ಅದೇ ತಿಂಗಳು ಬರುವುದಿತ್ತು.

ಆದರೂ ಮೊದಲು ಖಾತ್ರಿಯಾಗಬೇಕು ಎಂದುಕೊಂಡಳು. ಅದು ನೆಪವೂ ಹೌದು, ನಿಜವೂ ಹೌದು. ಮರುದಿನ ಸಂಜೆ ಒಂದು ಕೊಂಬೆಯ ಎಡಗಡೆಯ ಎಲೆ ಕಿತ್ತು, ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಿನಲ್ಲಿಟ್ಟಳು. ಬೆಳಿಗ್ಗೆ ಏಳಕ್ಕೆ ಅದೇ ಕೊಂಬೆಯ ಬಲಗಡೆಯದನ್ನು ಕಿತ್ತಳು. ಸಂಜೆಯದಕ್ಕೆ ಕೆಂಪು ದಾರ, ಬೆಳಗಿನದಕ್ಕೆ ಬಿಳಿ ದಾರ ಕಟ್ಟಿ ಪುಟ್ಟಿಯ ಮುಂದಿಟ್ಟಳು. "ಯಾವುದು ಏನು ಅಂತ ಕೇಳ್ಬೇಡ. ಎರಡನ್ನೂ ಒಂದೇ ಥರ ಮಾಡಿ ನೋಡು."

"ಯಾಕೆ?" ಎಂದಳು ಪುಟ್ಟಿ.

"ಆಮೇಲೆ ಹೇಳ್ತೀನಿ."

ಎರಡು ಗಾಜಿನ ಪಾತ್ರೆಗಳು ಅಕ್ಕಪಕ್ಕ ನಿಂತವು. ಹತ್ತು ನಿಮಿಷ ಎರಡೂ ಒಂದೇ ಹಳದಿ. ಹದಿನೈದನೇ ನಿಮಿಷದಲ್ಲಿ, ಪುಟ್ಟಿಗೆ ಇನ್ನೂ ಏನೂ ಕಾಣದಿದ್ದಾಗಲೇ, ಕೆಂಪು ದಾರದ ನೀರಿನ ಅಂಚಿನ ಬಣ್ಣ ತಿರುಗುತ್ತಿರುವುದು ಯಾಕಕ್ಕನ ಕಣ್ಣಿಗೆ ಬಿತ್ತು. ಅರ್ಧ ಗಂಟೆಗೆ ಅದು ಹದವಾದ ಕಂದು. ಬಿಳಿ ದಾರದ್ದು ಹಾಗೇ ಸಪ್ಪಗೆ ಉಳಿಯಿತು. ಒಂದು ಕಡೆ ಆಕೆಗೆ ಕುಣಿಯುವಷ್ಟು ಖುಷಿ. ಬದುಕಿನಲ್ಲಿ ಮೊದಲ ಸಲ ತನ್ನ ಪ್ರಶ್ನೆಗೆ ತಾನೇ ಉತ್ತರ ಹುಡುಕಿದ್ದಳು. ಇನ್ನೊಂದು ಕಡೆ, ಸುಳ್ಳನ್ನು ಇನ್ನು ಮುಚ್ಚಿಡುವ ಹಾಗಿರಲಿಲ್ಲ.

"ಕೆಂಪು ದಾರದ್ದು ಎಲ್ಲಿಂದ ತಂದ್ರಿ?"

"ಅದೇ ಗಿಡ. ಸಂಜೆ ಕಿತ್ತಿದ್ದು." ಆಮೇಲೆ ಎಲ್ಲವನ್ನೂ ಹೇಳಿದಳು. ಏಣಿ, ಗಂಡ, ಒದ್ದೆ ಬಟ್ಟೆ, ಏಳು ಗಂಟೆ.

ಪುಟ್ಟಿ ರಿಜಿಸ್ಟರ್ ತೆಗೆದು, ಬಣ್ಣ ಮೊದಲು ಬಂದ ದಿನದ ಮೇಲೆ ಬೆರಳಿಟ್ಟಳು. "ಹಾಗಾದ್ರೆ ನನ್ನ ಕೈ ಪಳಗಿದ್ದಲ್ಲ" ಎಂದಳು ಮೆಲ್ಲಗೆ. ಬೈದಿದ್ದರೂ ಯಾಕಕ್ಕನಿಗೆ ಅಷ್ಟು ನೋಯುತ್ತಿರಲಿಲ್ಲ.

ಆಮೇಲೆ ರಿಜಿಸ್ಟರ್ ಮುಚ್ಚಿ ಪುಟ್ಟಿಯೇ ದಾರಿ ತೆಗೆದಳು. "ಅಕ್ಕ, ಯಾರಿಗೂ ಹೇಳೋದು ಬೇಡ. ಸುಮ್ನೆ ಸಂಜೆ ಕಿತ್ತು ಕೊಡಿ. ಪರೀಕ್ಷಕರ ಎದುರು ಬಣ್ಣ ಬರುತ್ತೆ. ನಿಮ್ಮ ಕೆಲಸಾನೂ ಉಳಿಯುತ್ತೆ. ಏಳು ಗಂಟೆ ಅಂತ ಇದ್ರೆ ಯಾರಿಗೆ ತೊಂದರೆ?"

ಯಾಕಕ್ಕನಿಗೆ ಒಂದು ಗಳಿಗೆ ಆಸೆಯಾಯಿತು. ಆಗಲಿಲ್ಲ ಎಂದರೆ ಅದೂ ಒಂದು ಸುಳ್ಳಾದೀತು. ಮನೆಯ ಒಲೆ, ಗಂಡನ ಕೋಲು ಎರಡೂ ಕಣ್ಣ ಮುಂದೆ ಬಂದವು. ಆದರೆ ಜೊತೆಗೆ ಒಂದು ಪ್ರಶ್ನೆಯೂ ಬಂತು.

"ನೀನು ಬರೆದಿದ್ದನ್ನ ಓದಿ ಬೇರೆ ಯಾರಾದ್ರೂ ಇದನ್ನ ಮಾಡ್ತಾರಾ?"

"ಮಾಡ್ಬೇಕು ಅಂತಾನೇ ಬರೆಯೋದು."

"ಹಾಗಾದ್ರೆ ಎಲ್ಲೋ ಇನ್ನೊಬ್ಬಳು ಪುಟ್ಟಿ ಬೆಳಿಗ್ಗೆ ಏಳಕ್ಕೇ ಕೀಳ್ತಾಳೆ. ಬಣ್ಣ ಬರಲ್ಲ. ನಲ್ಲಿ ತಿರುಗಿಸ್ಕೊಂಡು ಅಳ್ತಾಳೆ. ಯಾಕೆ ಅಂತ ಅವಳಿಗೆ ಸಾಯೋ ತನಕ ಗೊತ್ತಾಗಲ್ಲ. ಅದು ಎಂಥ ಹಿಂಸೆ ಅಂತ ನಂಗೊತ್ತು ಪುಟ್ಟಿ." ಹೇಳುತ್ತಲೇ ರಿಜಿಸ್ಟರ್ ಎತ್ತಿಕೊಂಡು ಮೇಡಂ ಕೋಣೆಗೆ ನಡೆದಳು.

ಮೇಡಂ ಪೂರ್ತಿ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲೆ ನೆಟ್ಟಗೆ ಇಟ್ಟರು.

"ಹತ್ತು ತಿಂಗಳು ಸುಳ್ಳು ಬರೆದ್ರಿ. ಯಾಕೆ?"

"ಬೆಳಿಗ್ಗೆ ಅವರನ್ನ ಎತ್ತಿ ಕೂರಿಸೋರು ಯಾರೂ ಇರಲಿಲ್ಲ ಮೇಡಂ."

"ನನ್ನನ್ನ ಕೇಳಬಹುದಿತ್ತಲ್ಲ. ಇಡೀ ಕಟ್ಟಡದಲ್ಲಿ ಎಲ್ಲರನ್ನೂ ಎಲ್ಲವನ್ನೂ ಕೇಳ್ತೀರ. ಇದನ್ನ ಯಾಕೆ ಕೇಳಲಿಲ್ಲ?"

ಯಾಕಕ್ಕ ರಿಜಿಸ್ಟರನ್ನು ಅವರ ಮುಂದೆ ತೆರೆದಿಟ್ಟಳು. ಮೇಡಂಗೆ ಸಿಟ್ಟು ಬಂದಿತ್ತು, ಆ ಸಿಟ್ಟಿಗೆ ನ್ಯಾಯವೂ ಇತ್ತು. ಕಾಗದಕ್ಕೆ ಸಹಿ ಹಾಕುವ ಮಾತು ಪರೀಕ್ಷೆ ಮುಗಿದ ಮೇಲೆ ಎಂದರು. ಅಲ್ಲಿಯ ತನಕ ಒಂದು ಕೆಲಸ. ಸುಳ್ಳು ಬರೆದ ಪ್ರತಿ ಸಾಲಿನ ಮೇಲೂ ಒಂದೇ ಗೆರೆ ಎಳೆಯಬೇಕು, ಹಳೆಯದು ಓದಲು ಸಿಗುವ ಹಾಗೆ. ಪಕ್ಕದಲ್ಲಿ ನಿಜವಾದ ಹೊತ್ತು, ಕಾರಣ, ಸಹಿ.

ಸಾಲು ಎಣಿಸಿದರೆ ನೂರ ಹದಿನೆಂಟು. ತೊಳೆಯುವ ಕೋಣೆಯ ಸ್ಟೂಲಿನ ಮೇಲೆ ಕೂತು ನಾಲ್ಕು ದಿನ ಬರೆದಳು. ಹಿಂದಿನ ದಿನ ಸಂಜೆ ನಾಲ್ಕೂವರೆ. ಕಾರಣ: ಗಂಡನ ಕಾಲು. ಸಹಿ. ಹಿಂದಿನ ದಿನ ಸಂಜೆ ನಾಲ್ಕೂವರೆ. ಕಾರಣ: ಗಂಡನ ಕಾಲು. ಸಹಿ. ಎರಡನೇ ದಿನ ಪುಟ್ಟಿ ಬಂದು ಪಕ್ಕದಲ್ಲಿ ಕೂತು, ಗೆರೆ ಎಳೆಯಲು ಸ್ಕೇಲು ಹಿಡಿದುಕೊಂಡಳು.

ಪರೀಕ್ಷಕರು ಬಂದರು. ನರೆತ ಗಡ್ಡದ ತೆಳ್ಳನೆಯ ಮನುಷ್ಯ. ಸಂಜೆಯ ಎಲೆಯಿಂದ ಅವರೆದುರು ಮೂರು ಸಲವೂ ಕಂದು ಬಂತು. ಆಮೇಲೆ ಅವರು ರಿಜಿಸ್ಟರ್ ತೆರೆದು ಪುಟ ಮಗುಚಿದರು, ಮತ್ತೆ ಮಗುಚಿದರು. ಹುಬ್ಬು ಗಂಟಾಯಿತು.

"ಈ ಗಂಡನ ಕಾಲು ಅಂದ್ರೆ ಏನು? ನೂರಕ್ಕಿಂತ ಹೆಚ್ಚು ಸಲ ಬಳಸಿದೀರಲ್ಲ."

ಪುಟ್ಟಿ ನಗು ತಡೆಯಲಾರದೆ ಕೆಮ್ಮಿದಳು. ಮೇಡಂ ಮಾತ್ರ ನಗದೆ ಯಾಕಕ್ಕನಿಗೆ ಹೇಳಿ ಕಳಿಸಿದರು. ಯಾಕಕ್ಕ ಸೆರಗಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಏಣಿಯಿಂದ ಶುರು ಮಾಡಿ ಕೆಂಪು ದಾರದ ತನಕ ಹೇಳಿದಳು. ಪರೀಕ್ಷಕರು ಮುಂದಕ್ಕೆ ಬಾಗಿ ಕೂತು ಕೇಳಿದರು.

"ಸಂಜೆಯ ಎಲೆಯಿಂದ ಆಯ್ತೋ, ಇಡೀ ರಾತ್ರಿ ಫ್ರಿಜ್ಜಲ್ಲಿ ಇಟ್ಟಿದ್ದರಿಂದ ಆಯ್ತೋ?"

"ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ ಸಾರ್. ಎರಡರಲ್ಲಿ ಯಾವುದು? ಮತ್ತೆ ಯಾಕೆ?"

ಅವರು ಗಡ್ಡ ಸವರಿಕೊಂಡರು. ಕಿಟಕಿಯಾಚೆ ಟ್ಯಾಂಕಿನ ಪಕ್ಕದ ಗಿಡದ ಕಡೆ ನೋಡಿದರು. "ಬಿಸಿಲಲ್ಲಿ ದಿನವೆಲ್ಲ ನಿಂತ ಎಲೆಯಲ್ಲಿ ಏನಾದ್ರೂ ಹೆಚ್ಚು ಕೂಡಿರಬಹುದು. ಇಲ್ಲದೇನೂ ಇರಬಹುದು. ನಂಗೆ ಗೊತ್ತಿಲ್ಲಮ್ಮ."

ನಲವತ್ತು ವರ್ಷದ ಬದುಕಿನಲ್ಲಿ ಯಾಕಕ್ಕನಿಗೆ ಕೂತ್ಕೋ ಎಂದವರಿದ್ದರು, ಸಾಕು ಎಂದವರಿದ್ದರು, ನಿನ್ನ ಕೆಲಸ ನೋಡು ಎಂದವರಿಗಂತೂ ಲೆಕ್ಕವಿಲ್ಲ. ಓದಿದವರೊಬ್ಬರು ಆಕೆಯ ಪ್ರಶ್ನೆಯನ್ನು ಪ್ರಶ್ನೆಯೆಂದೇ ಕೇಳಿ, ಗೊತ್ತಿಲ್ಲ ಎಂದದ್ದು ಇದೇ ಮೊದಲು. ಆಕೆಗೆ ಕಣ್ಣು ತುಂಬಿ ಬಂತು. ಅಳು ಯಾಕೆ ಬಂತೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ.

ಮರುದಿನ ಮೇಡಂ ಕರೆದು ಎರಡು ಕಾಗದ ಕೊಟ್ಟರು. ಒಂದಕ್ಕೆ ಸಹಿ ಬಿದ್ದಿತ್ತು. ಇನ್ನೊಂದರಲ್ಲಿ ಹೊಸ ನಿಯಮ. ಬೆಳಿಗ್ಗೆ ಏಳಕ್ಕೆ, ಹನ್ನೊಂದಕ್ಕೆ, ಮೂರಕ್ಕೆ, ಐದಕ್ಕೆ ಎಲೆ ಕೀಳಬೇಕು. ಪ್ರತಿ ಸಲ ಕಿತ್ತದ್ದರಲ್ಲಿ ಅರ್ಧ ಆಗಲೇ ಬಳಸಬೇಕು, ಅರ್ಧ ಫ್ರಿಜ್ಜಿಗೆ. "ಬೆಳಿಗ್ಗೆ ಬರೋಕೆ ಆಗದಿದ್ರೆ?" ಎಂದು ಮೇಡಂ ಕೇಳಿದರು.

"ಬಂದು ಹೇಳ್ತೀನಿ ಮೇಡಂ."

ಸಂಜೆ ಗಂಡ ವಿಷಯ ಕೇಳಿ, "ಅಂದ್ರೆ ಪಂದ್ಯದಲ್ಲಿ ಎದುರಾಳೀನ ಗೆಲ್ಲಿಸಿದ್ದೂ ನನ್ನ ಕಾಲೇ ಅನ್ನು" ಎಂದು ಕೋಲು ಕುಟ್ಟಿ ನಕ್ಕ. ಯಾಕಕ್ಕನೂ ನಕ್ಕಳು, ಬಹಳ ದಿನದ ಮೇಲೆ ಹಗುರಾಗಿ.

ಹೊಸ ರಿಜಿಸ್ಟರಿಗೆ ಮೇಡಂ 'ಕಾರಣ' ಎಂದು ಒಂದು ಕಾಲಂ ಸೇರಿಸಿದ್ದರು. ಮೊದಲ ದಿನ ಬೆಳಿಗ್ಗೆ ಯಾಕಕ್ಕ ಎಲೆ ಕಿತ್ತು, ತೂಗಿ, ಏಳು ಗಂಟೆ ಎಂದು ಬರೆದು, ಸಹಿ ಹಾಕಿ ಪೆನ್ನು ಇಟ್ಟಳು.

"ಅಕ್ಕ, ಕಾರಣ ಬಿಟ್ಟಿದೀರ" ಎಂದಳು ಪುಟ್ಟಿ.

ಯಾಕಕ್ಕ ಪೆನ್ನು ಮತ್ತೆ ಎತ್ತಿಕೊಂಡಳು. ಏಳನೇ ತರಗತಿಯ ದುಂಡು ಅಕ್ಷರದಲ್ಲಿ, 'ಯಾಕೆ ಅಂತ ತಿಳಿಯಲು' ಎಂದು ಬರೆದಳು.